ನೈಲ್ ದಂಡೆಯ ಮಕುರಿಯಾ ರಾಜ್ಯ ಏನಾಯ್ತು? ತಿಳಿದವರು ಹೇಳಿ

ಸಿರ್ಸಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಸಿರ್ಸಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ನನ್ನ ಅಕ್ಕನ ಮಗ ಕೆಲಸದ ಮೇಲೆ ಪೋಲೆಂಡಿನ ವಾರ್ಸಾದಲ್ಲಿದ್ದಾನೆ. ಹೋದ ಭಾನುವಾರ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗೆ ಹೋದವನು ನನಗೊಂದು ಫೋಟೊ ಕಳಿಸಿದ. ಹಳೇ ಗೋಡೆ ಚಿತ್ರ. ಒಬ್ಬಳು ಹೆಂಗಸು, ತಲೆ ಮೇಲೆ ನೇರಳೆ ಬಣ್ಣದ ಸೆರಗು, ಅಗಲವಾದ ಕಣ್ಣು, ಬಲಗೈಯ ತೋರುಬೆರಳು ತುಟಿಯ ಮೇಲೆ. ಕೆಳಗಿನ ಗಾರೆ ಎಲ್ಲ ಉದುರಿ ಹೋಗಿದೆ, ಮುಖ ಮಾತ್ರ ಉಳಿದಿದೆ. ನಾನು ಯುರೋಪಿನ ಯಾವುದೋ ಚರ್ಚಿನದು ಅಂದುಕೊಂಡೆ. "ಅಲ್ಲ ಚಿಕ್ಕಿ, ಇದು ಸುಡಾನಿನದು. ಅಲ್ಲಿ ಸಾವಿರ ವರ್ಷದ ಹಿಂದೆ ಕ್ರೈಸ್ತ ರಾಜ್ಯ ಇತ್ತಂತೆ, ಮಕುರಿಯಾ ಅಂತ" ಅಂದ.

ಇಪ್ಪತ್ತು ವರ್ಷದಿಂದ ಪಾಠ ಮಾಡ್ತಾ ಇದ್ದೇನೆ, ಈ ಹೆಸರನ್ನೇ ಕೇಳಿರಲಿಲ್ಲ. ನಮ್ಮ ಪುಸ್ತಕದಲ್ಲಿ ಈಜಿಪ್ಟಿನ ಪಿರಮಿಡ್ಡು ಬರುತ್ತದೆ, ಆಮೇಲೆ ಆಫ್ರಿಕಾ ಬರುವುದು ಯುರೋಪಿನವರು ಅಲ್ಲಿಗೆ ಹೋದಾಗ. ನಡುವೆ ಅಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ.

ನಾನು ಸುಮ್ನೆ ಇರದೆ ಆ ಫೋಟೊವನ್ನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಿದೆ. ನಮ್ಮಲ್ಲಿಗೆ ಆಫ್ರಿಕಾ ಮೂಲದ ಸಿದ್ದಿ ಜನರ ಮಕ್ಕಳೂ ಬರುತ್ತಾರೆ. ಅವರಲ್ಲೊಬ್ಬ ಹುಡುಗಿ ಕ್ಲಾಸು ಮುಗಿದ ಮೇಲೆ ಹತ್ತಿರ ಬಂದು, "ಅಕ್ಕೋರೆ, ಅದು ನಮ್ಮವರ ರಾಜ್ಯವಾ?" ಅಂತ ಕೇಳಿದಳು. ಅವಳ ಮನೆಯವರು ಚರ್ಚಿಗೆ ಹೋಗುವವರು. ಹೌದು ಅನ್ನಲಾ, ಅಲ್ಲ ಅನ್ನಲಾ ತಿಳಿಯಲಿಲ್ಲ. ಸೋಮವಾರ ಹೇಳ್ತೇನೆ ಅಂದಿದ್ದೇನೆ. ಆ ಮಗುವಿಗೆ ತಪ್ಪು ಹೇಳಲು ನನಗೆ ಮನಸ್ಸಿಲ್ಲ.

ಈ ರಾಜ್ಯ ಯಾವಾಗ ಇತ್ತು, ಹೇಗೆ ಮುಗಿಯಿತು, ಅಲ್ಲಿನ ಚಿತ್ರ ಪೋಲೆಂಡಿಗೆ ಯಾಕೆ ಹೋಯಿತು, ನಮ್ಮ ಸಿದ್ದಿಗಳಿಗೂ ಅದಕ್ಕೂ ಸಂಬಂಧ ಇದೆಯಾ? ತಿಳಿದವರು ದಯವಿಟ್ಟು ಬರೆಯಿರಿ.

ಕಡಲಕರೆ ಮಾಸ್ತರು, ಕಾರವಾರ

ಅಕ್ಕೋರೆ, ಬಹಳ ಒಳ್ಳೆಯ ಪ್ರಶ್ನೆ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದವನು. ನನ್ನ ಸರ್ವೀಸಿನಲ್ಲೂ ಸಿಲೆಬಸ್ಸಿನಲ್ಲಿ ಇದು ಒಂದು ದಿನವೂ ಬರಲಿಲ್ಲ, ರಿಟೈರ್ ಆದ ಮೇಲೆ ನಾನೇ ಆಸೆಯಿಂದ ಓದಿದ್ದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈಜಿಪ್ಟಿನ ಆಸ್ವಾನದಿಂದ ತೆಂಕಕ್ಕೆ, ಈಗಿನ ಸುಡಾನಿನ ಖಾರ್ಟೂಮಿನವರೆಗೆ ನೈಲ್ ಹೊಳೆಯ ಎರಡೂ ದಂಡೆಯ ಸೀಮೆಗೆ ನ್ಯೂಬಿಯಾ ಅನ್ನುತ್ತಾರೆ. ಹೊಳೆಯಲ್ಲಿ ಅಲ್ಲಲ್ಲಿ ಬಂಡೆಗಳ ಇಳಿಜಾರು, ದೋಣಿ ಸಲೀಸಾಗಿ ಹೋಗುವುದಿಲ್ಲ. ಇತ್ತ ಮರಳುಗಾಡು, ಅತ್ತ ಮರಳುಗಾಡು, ನಡುವೆ ಹಸಿರಿನ ಒಂದು ಪಟ್ಟಿ. ಅಲ್ಲಿದ್ದ ಮೆರೋಯೆ ಎಂಬ ಹಳೇ ರಾಜ್ಯ ನಾಲ್ಕನೇ ಶತಮಾನದಲ್ಲಿ ಕುಸಿಯಿತು. ಆಮೇಲೆ ಮೂರು ರಾಜ್ಯ ಎದ್ದವು. ಬಡಗಕ್ಕೆ ನೊಬಾಡಿಯಾ, ಅದರ ರಾಜಧಾನಿ ಫರಾಸ್. ನಡುವೆ ಮಕುರಿಯಾ, ರಾಜಧಾನಿ ಡೊಂಗೊಲಾ. ತೆಂಕಕ್ಕೆ ಅಲೋಡಿಯಾ, ರಾಜಧಾನಿ ಸೋಬಾ, ಅದು ಖಾರ್ಟೂಮಿನ ಹತ್ತಿರ.

ಇವರು ಕ್ರೈಸ್ತರಾದದ್ದು ಆರನೇ ಶತಮಾನದಲ್ಲಿ, ಅದರ ಕತೆ ಸ್ವಾರಸ್ಯ ಇದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಕ್ರವರ್ತಿ ಜಸ್ಟಿನಿಯನ್, ಅವನ ಹೆಂಡತಿ ಥಿಯೊಡೋರಾ. ಇಬ್ಬರೂ ಕ್ರೈಸ್ತರೇ, ಆದರೆ ಪಂಥ ಬೇರೆ. ಗಂಡ ತನ್ನ ಪಂಥದ ಪಾದ್ರಿಗಳನ್ನು ನ್ಯೂಬಿಯಾಕ್ಕೆ ಕಳಿಸಲು ಹೊರಟ. ಹೆಂಡತಿ ತನ್ನವರನ್ನು ಕಳಿಸಿದಳು, ಅಷ್ಟೇ ಅಲ್ಲದೆ ದಾರಿಯಲ್ಲಿದ್ದ ಅಧಿಕಾರಿಗೆ "ನನ್ನವರು ದಾಟುವವರೆಗೆ ಅವರನ್ನು ತಡೆದು ನಿಲ್ಲಿಸು" ಅಂತ ಪತ್ರವನ್ನೂ ಬರೆದಳು. ಹೆಂಡತಿ ಕಡೆಯವರೇ ಮೊದಲು ಮುಟ್ಟಿದರು. ಆ ತಂಡದ ಜೂಲಿಯನ್ ಎಂಬ ಪಾದ್ರಿಗೆ ಅಲ್ಲಿನ ಸೆಕೆ ತಡೆಯಲಾಗದೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೀರು ತುಂಬಿದ ಗುಹೆಯಲ್ಲಿ ಸೊಂಟಕ್ಕೊಂದು ಬಟ್ಟೆ ಕಟ್ಟಿಕೊಂಡು ಕೂತು ಜನರಿಗೆ ಉಪದೇಶ ಮಾಡುತ್ತಿದ್ದನಂತೆ. ಇದನ್ನು ಅದೇ ಕಾಲದ ಎಫೆಸಸ್‌ನ ಜಾನ್ ಎಂಬ ಬಿಷಪ್ ಬರೆದಿಟ್ಟಿದ್ದಾನೆ. ಏಪ್ರಿಲ್ ತಿಂಗಳಲ್ಲಿ ಕಾರವಾರದಲ್ಲಿ ಕೂತು ಇದನ್ನು ಓದಿದಾಗ ಆ ಮನುಷ್ಯನ ಮೇಲೆ ನನಗೆ ನಿಜಕ್ಕೂ ಪ್ರೀತಿ ಬಂತು. 580ರ ಹೊತ್ತಿಗೆ ಮೂರೂ ರಾಜ್ಯಗಳು ಕ್ರೈಸ್ತ ರಾಜ್ಯಗಳಾಗಿದ್ದವು. ಗಮನಿಸಿ, ಯಾವ ಸೈನ್ಯವೂ ಬಂದು ಮಾಡಿದ್ದಲ್ಲ.

ನೂರು ವರ್ಷ ಆಗುವುದರೊಳಗೆ ಅರಬರು ಈಜಿಪ್ಟ್ ಗೆದ್ದರು. ಗೆದ್ದವರು ತೆಂಕಕ್ಕೂ ಬಂದರು. 652ರಲ್ಲಿ ಡೊಂಗೊಲಾಕ್ಕೆ ಮುತ್ತಿಗೆ ಹಾಕಿ ಕವಣೆಯಂತ್ರದಿಂದ ಅಲ್ಲಿನ ದೊಡ್ಡ ಚರ್ಚಿಗೆ ಕಲ್ಲು ಹೊಡೆದರು. ಆದರೆ ಊರು ಬೀಳಲಿಲ್ಲ. ನ್ಯೂಬಿಯಾದ ಬಿಲ್ಲುಗಾರರು ಎಷ್ಟು ಗುರಿಕಾರರು ಅಂದರೆ ನೇರ ಕಣ್ಣಿಗೇ ಬಾಣ ಬಿಡುತ್ತಿದ್ದರು. ಅರಬರು ಅವರಿಗೆ ಇಟ್ಟ ಹೆಸರೇ "ಕಣ್ಣುಗುಡ್ಡೆಗೆ ಹೊಡೆಯುವವರು" ಅಂತ. ಆ ಕಾಲದಲ್ಲಿ ಅರಬ್ ಸೈನ್ಯವನ್ನು ಹಾಗೆ ತಡೆದು ನಿಲ್ಲಿಸಿದವರು ಬಹಳ ಕಡಿಮೆ. ಕೊನೆಗೆ ಎರಡೂ ಕಡೆಯವರು ಒಂದು ಒಪ್ಪಂದಕ್ಕೆ ಬಂದರು. ಅದರ ಹೆಸರು ಬಕ್ತ್. ನ್ಯೂಬಿಯಾ ವರ್ಷಕ್ಕೆ ಇಷ್ಟು ಅಂತ ಆಳುಗಳನ್ನು ಕೊಡಬೇಕು, ಈಜಿಪ್ಟಿನಿಂದ ಗೋಧಿ, ಬಾರ್ಲಿ, ಬೇಳೆ, ಬಟ್ಟೆ ಬರಬೇಕು, ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗಬಾರದು. ನಡುವೆ ಜಗಳ, ಬಾಕಿ ಎಲ್ಲ ಇದ್ದರೂ ಆ ಒಪ್ಪಂದ ಸುಮಾರು 600 ವರ್ಷ ನಡೆಯಿತು. ಅಷ್ಟು ದಿನ ಬಾಳಿದ ಒಪ್ಪಂದ ಜಗತ್ತಿನಲ್ಲಿ ಮತ್ತೊಂದನ್ನು ಹುಡುಕುವುದು ಕಷ್ಟ.

ಒಮ್ಮೆ ಎಷ್ಟೋ ವರ್ಷದ ಬಾಕಿ ನಿಂತಾಗ ರಾಜನ ಮಗ ಜಾರ್ಜಿಯೋಸ್ ಸ್ವತಃ ಬಾಗ್ದಾದಿಗೆ ಹೊರಟ. 835–36ರ ಮಾತು. ನೈಲ್ ದಂಡೆಯಿಂದ ಖಲೀಫನ ಅರಮನೆವರೆಗೆ ಹೋಗಿ, ಮಾತಾಡಿ, ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು ಅನ್ನಿಸಿಕೊಂಡು, ಉಡುಗೊರೆ ಸಮೇತ ವಾಪಸ್ ಬಂದ.

ಆ ಕಾಲಕ್ಕೆ ನೊಬಾಡಿಯಾ ಮಕುರಿಯಾದೊಳಗೆ ಸೇರಿ ಒಂದೇ ರಾಜ್ಯ ಆಗಿತ್ತು. ಒಂಬತ್ತರಿಂದ ಹನ್ನೊಂದನೇ ಶತಮಾನ ಅವರ ಒಳ್ಳೆಯ ಕಾಲ. ಡೊಂಗೊಲಾದಲ್ಲಿ ಚರ್ಚುಗಳು, ಮಠಗಳು, ಬಿಸಿನೀರಿನ ವ್ಯವಸ್ಥೆ ಇದ್ದ ಬಚ್ಚಲಮನೆಗಳು. ರಾಜನ ಒಡ್ಡೋಲಗದ ಎರಡಂತಸ್ತಿನ ಕಟ್ಟಡ ಇವತ್ತಿಗೂ ಗುಡ್ಡದ ಮೇಲೆ ನಿಂತಿದೆ. ಅದು ಯಾಕೆ ಉಳಿಯಿತು ಅನ್ನುವುದನ್ನು ಆಮೇಲೆ ಬರೆಯುತ್ತೇನೆ, ಈಗ ಕರೆಂಟು ಹೋಗುವ ಹಾಗಿದೆ.

ಕಾಳಿ ಹೊಳೆ, ರಾಮನಗರ

ಚಿತ್ರ ಪೋಲೆಂಡಿಗೆ ಯಾಕೆ ಹೋಯಿತು ಅಂತ ಕೇಳಿದಿರಲ್ಲ ಅಕ್ಕೋರೆ, ಅದನ್ನು ನಾನು ಹೇಳುತ್ತೇನೆ. ಯಾಕಂದರೆ ನಮ್ಮದು ಮುಳುಗಡೆ ಮನೆತನ. ಅಪ್ಪ ಹುಟ್ಟಿದ್ದು ಸೂಪಾದಲ್ಲಿ. ಕಾಳಿಗೆ ಪಾಂಡ್ರಿ ಬಂದು ಸೇರುತ್ತಿದ್ದ ಜಾಗ ಅದು, ತಾಲ್ಲೂಕಿನ ಮುಖ್ಯ ಊರು. ಎಂಬತ್ತರ ದಶಕದಲ್ಲಿ ಅಣೆಕಟ್ಟಿನ ನೀರು ನಿಂತು ಊರಿಗೂರೇ ಹೋಯಿತು, ನಮ್ಮನ್ನು ತಂದು ರಾಮನಗರದಲ್ಲಿ ಕೂರಿಸಿದರು. ಹೊರಡುವಾಗ ಅಜ್ಜಿ ದೇವರ ಕೋಣೆಯ ಬಾಗಿಲ ಚೌಕಟ್ಟನ್ನು ಬಿಡಿಸಿಕೊಂಡು ಬಂದಿದ್ದಳು. ಹೊಸ ಮನೆಗೆ ಅದರ ಅಳತೆ ಹೊಂದಲಿಲ್ಲ. ಇವತ್ತಿಗೂ ನಮ್ಮ ಅಟ್ಟದ ಮೇಲೆ ಇದೆ, ಹೊಸ್ತಿಲಿನ ನಡುವೆ ಕಾಲು ತಾಗಿ ತಾಗಿ ಸವೆದ ಗುಳಿ ಕೈಗೆ ಸಿಗುತ್ತದೆ.

ಹಾಗಾಗಿ ಫರಾಸಿನ ಕತೆ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಈಜಿಪ್ಟ್ ಸರ್ಕಾರ ಆಸ್ವಾನದಲ್ಲಿ ದೊಡ್ಡ ಅಣೆಕಟ್ಟು ಶುರು ಮಾಡಿದ್ದು 1960ರಲ್ಲಿ. ಹಿನ್ನೀರು ಸುಮಾರು 500 ಕಿಲೋಮೀಟರ್ ಉದ್ದ, ಗಡಿ ದಾಟಿ ಸುಡಾನಿನ ಒಳಗೂ. ಎರಡೂ ದೇಶ ಸೇರಿ ಒಂದು ಲಕ್ಷದಷ್ಟು ನ್ಯೂಬಿಯನ್ನರು ಮನೆ ಬಿಟ್ಟರು. ಸುಡಾನಿನ ವಾದಿ ಹಲ್ಫಾದವರನ್ನು ಹೊಳೆಯಿಂದ ಬಹುದೂರ ಹೊಸ ಹಲ್ಫಾಕ್ಕೆ ಕಳಿಸಿದರು. ಹೊಳೆ ದಂಡೆಯಲ್ಲಿ ಖರ್ಜೂರ ಬೆಳೆದುಕೊಂಡು ಇದ್ದವರು ಅವರು. ಹೊಳೆ ಇಲ್ಲದ ಊರಿನಲ್ಲಿ ಅವರಿಗೆ ಹೇಗೆ ಅನ್ನಿಸಿರಬೇಕು ಅಂತ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಯುನೆಸ್ಕೊ ಎಲ್ಲ ದೇಶಗಳನ್ನು ಕರೆಯಿತು, ಮುಳುಗುವ ಮುಂಚೆ ಬಂದು ಅಗೆದು ಉಳಿಸಿಕೊಳ್ಳಿ ಅಂತ. ಅಬು ಸಿಂಬೆಲ್ ಗುಡಿಯನ್ನು ಕೊಯ್ದು ಎತ್ತರಕ್ಕೆ ಒಯ್ದದ್ದು ಎಲ್ಲರಿಗೂ ಗೊತ್ತು. ಫರಾಸ್ ಪೋಲೆಂಡಿನವರ ಪಾಲಿಗೆ ಬಂತು. ಕಾಜಿಮೆರ್ಜ್ ಮಿಖಲೋವ್‌ಸ್ಕಿ ಎಂಬ ಪ್ರೊಫೆಸರ್ 1961ರಲ್ಲಿ ಅಗೆತ ಶುರು ಮಾಡಿದರು. ನೋಡಿದರೆ ಮೇಲೊಂದು ಮರಳಿನ ದಿಬ್ಬ. ಒಳಗೆ ಇಡೀ ಚರ್ಚು! ಶತಮಾನಗಳ ಹಿಂದೆ ಗಾಳಿಗೆ ಮರಳು ಕಿಟಕಿ ಬಾಗಿಲಿನಿಂದ ನುಗ್ಗಿ ಚಾವಣಿಯವರೆಗೆ ತುಂಬಿಕೊಂಡಿತ್ತು. ಆ ಮರಳೇ ಗೋಡೆಯ ಬಣ್ಣ ಕಾದದ್ದು. ಮರಳು ತೆಗೆಯುತ್ತ ಹೋದ ಹಾಗೆ ಮುಖದ ಕೆಳಗೆ ಮುಖ, ರಾಜರು, ಬಿಷಪ್ಪರು, ದೇವದೂತರು. ಬೆಂಕಿ ಕುಂಡದಲ್ಲಿ ನಿಂತ ಮೂವರು ಯುವಕರು, ಅವರ ಹಿಂದೆ ರೆಕ್ಕೆ ಬಿಚ್ಚಿದ ದೇವದೂತ. 707ರಲ್ಲಿ ಪೌಲೋಸ್ ಎಂಬ ಬಿಷಪ್ ಈ ಚರ್ಚು ಕಟ್ಟಿಸಿದ ಅಂತ ಹೇಳುವ ಕಲ್ಲು ಕೂಡ ಸಿಕ್ಕಿತು. ಒಂದು ಗೂಡಿನೊಳಗೆ ಬಿಷಪ್ಪರ ಹೆಸರಿನ ಪಟ್ಟಿಯೇ ಬರೆದಿತ್ತು, ಒಬ್ಬರಾದ ಮೇಲೆ ಒಬ್ಬರು, 27 ಜನ.

ಆದರೆ ನೀರು ಕಾಯುವುದಿಲ್ಲ ಅಲ್ವಾ. ಅವರು ಮಾಡಿದ್ದು ಹೀಗೆ. ಚಿತ್ರದ ಮೇಲೆ ತೆಳುವಾದ ಕಾಗದ ಹಾಸಿ, ಮೇಣ ಮತ್ತು ರಾಳ ಕಾಯಿಸಿ ಸವರಿ ಅಂಟಿಸಿದರು. ಆಮೇಲೆ ಹಿಂದಿನಿಂದ ಗರಗಸ, ಚಾಕು ಹಾಕಿ ಗಾರೆಯ ಸಮೇತ ಗೋಡೆಯಿಂದ ಸುಲಿದರು. ಮಣ್ಣಿನ ಗಾರೆ ಅದು, ಸ್ವಲ್ಪ ಕೈ ಅಲುಗಿದರೂ ಪುಡಿ. ಹಾಗೆ 120ಕ್ಕೂ ಜಾಸ್ತಿ ಚಿತ್ರ ತೆಗೆದರು. 1964ರಲ್ಲಿ ನೀರು ಬಂತು, ಚರ್ಚು ಹೋಯಿತು. ಅದೇ 1964ರಲ್ಲೇ ನಮ್ಮ ಕಡೆ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಆದದ್ದು. ಅಲ್ಲೂ ಜನ ಲಾರಿ ಹತ್ತಿದರು, ಇಲ್ಲೂ ಹತ್ತಿದರು.

ಚಿತ್ರಗಳನ್ನು ಹಂಚಿಕೊಂಡರು, ಅರ್ಧಕ್ಕಿಂತ ಜಾಸ್ತಿ, 67, ವಾರ್ಸಾಕ್ಕೆ. ಉಳಿದವು ಖಾರ್ಟೂಮಿನ ಮ್ಯೂಸಿಯಂನಲ್ಲಿ. 2023ರಿಂದ ಸುಡಾನಿನಲ್ಲಿ ಒಳಯುದ್ಧ, ಖಾರ್ಟೂಮಿನ ಆ ಮ್ಯೂಸಿಯಂ ಲೂಟಿಯಾಗಿದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮ ಫೋಟೊದಲ್ಲಿರುವುದು ಸಂತ ಅನ್ನಾ, ಮೇರಿಯ ತಾಯಿ. ಅಂದರೆ ಯೇಸುವಿನ ಅಜ್ಜಿ.

ದೋಣಿಮನೆ, ಹೊನ್ನಾವರ

ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಮಾಸ್ತರು ಬರೆದದ್ದಕ್ಕೆ ಭಾಷೆಯ ವಿಷಯ ಸೇರಿಸಬೇಕು ಅನ್ನಿಸಿತು.

ನಮ್ಮ ಅಜ್ಜಿ ಚಿಕ್ಕವಳಿದ್ದಾಗ ಚರ್ಚಿನಲ್ಲಿ ಪೂಜೆ ಲ್ಯಾಟಿನ್‌ನಲ್ಲಿ. ಒಂದಕ್ಷರ ಅರ್ಥ ಆಗದಿದ್ದರೂ ಪೂರ್ತಿ ಬಾಯಿಪಾಠ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ನ್ಯೂಬಿಯಾದಲ್ಲೂ ಹಾಗೇ ಇತ್ತು! ಪೂಜೆಗೆ, ಗೋರಿ ಕಲ್ಲಿಗೆ ಗ್ರೀಕ್. ಈಜಿಪ್ಟಿನ ಪಾದ್ರಿಗಳ ಜೊತೆ ಕಾಪ್ಟಿಕ್. ವ್ಯಾಪಾರಕ್ಕೆ ಅರಬ್ಬಿ. ಮನೆಯಲ್ಲಿ ನ್ಯೂಬಿಯನ್. ಆದರೆ ಅವರು ಮನೆ ಮಾತನ್ನು ಮನೆಯಲ್ಲೇ ಬಿಡಲಿಲ್ಲ. ಎಂಟನೇ ಶತಮಾನದಿಂದ ಅದನ್ನು ಬರೆಯಲು ಶುರು ಮಾಡಿದರು. ಅಕ್ಷರ ಗ್ರೀಕ್ ಮತ್ತು ಕಾಪ್ಟಿಕ್‌ನಿಂದ ತೆಗೆದುಕೊಂಡರು, ಆದರೆ ತಮ್ಮ ಬಾಯಿಯ ಕೆಲವು ಸದ್ದಿಗೆ ಅದರಲ್ಲಿ ಅಕ್ಷರ ಇರಲಿಲ್ಲ. ಆಗ ಹಳೇ ಮೆರೋಯೆ ರಾಜ್ಯದ ಲಿಪಿಯಿಂದ ಕೆಲವು ಅಕ್ಷರ ತಂದು ಸೇರಿಸಿದರು. ಮೆರೋಯೆ ಬಿದ್ದು ನಾಲ್ಕು ಶತಮಾನ ಆಗಿತ್ತು ಆಗ! ಅಜ್ಜನ ಪೆಟ್ಟಿಗೆಯಿಂದ ತೆಗೆದ ಹಾಗೆ. ಆ ಭಾಷೆಯಲ್ಲಿ ಸಂತರ ಕತೆ, ಪ್ರಾರ್ಥನೆ ಮಾತ್ರ ಅಲ್ಲ, ಜಮೀನಿನ ಕ್ರಯಪತ್ರಗಳೂ ಸಿಕ್ಕಿವೆ. ಕಸ್ರ್ ಇಬ್ರಿಮ್ ಎಂಬ ಕೋಟೆಯಲ್ಲಿ ಚರ್ಮ, ಕಾಗದದ ಮೇಲೆ ಬರೆದದ್ದು ರಾಶಿ ರಾಶಿ ಸಿಕ್ಕಿತು. ಎತ್ತರದ ಗುಡ್ಡದ ಮೇಲಿನ ಕೋಟೆ ಅದು, ಸುತ್ತ ಎಲ್ಲ ಮುಳುಗಿದರೂ ತುದಿ ಮಾತ್ರ ನೀರಿನ ಮೇಲೆ ಉಳಿಯಿತು.

ಅದೇ ಭಾಷೆಯ ಮೊಮ್ಮಗಳು ಈಗಿನ ನೊಬೀನ್. ಇವತ್ತಿಗೂ ಜನ ಮಾತಾಡುತ್ತಾರೆ. ಅವರೆಲ್ಲ ಮುಸ್ಲಿಮರು, ಆದರೆ ನ್ಯೂಬಿಯನ್ ಮಾತಿನಲ್ಲಿ ಭಾನುವಾರಕ್ಕೆ ಇರುವ ಹೆಸರು ಕಿರಾಗೆ. ಗ್ರೀಕಿನ ಕಿರಿಯಾಕೆ, ಅಂದರೆ ಪ್ರಭುವಿನ ದಿನ. ಕೂಸಿನ ಹಣೆಗೆ ಶಿಲುಬೆ ಗುರುತು ಎಳೆಯುವ ಪದ್ಧತಿಯೂ ಬಹಳ ಕಾಲ ಉಳಿದಿತ್ತಂತೆ. ಏನು, ಯಾಕೆ ಅಂತ ಎಳೆಯುವವರಿಗೇ ಮರೆತಿತ್ತು, ಕೈ ಮಾತ್ರ ಮರೆತಿರಲಿಲ್ಲ.

ಫೋಟೊದ ಬೆರಳಿನ ವಿಷಯ: ಸುಮ್ಮನಿರು ಅನ್ನುವ ಸನ್ನೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಬಾಯಿ ತೆರೆಯದೆ ಮಾಡುವ ಪ್ರಾರ್ಥನೆಯ ಗುರುತು ಅಂತ ಕೆಲವು ವಿದ್ವಾಂಸರ ಅಭಿಪ್ರಾಯ, ನನಗೂ ಅದೇ ಸರಿ ಕಾಣುತ್ತದೆ.

ಕೌದಿ ಮನೆ, ಯಲ್ಲಾಪುರ

ಅಕ್ಕೋರಿಗೆ ನಮಸ್ಕಾರ. ನಾನು ಸಿದ್ದಿ, ಯಲ್ಲಾಪುರ ತಾಲ್ಲೂಕಿನವನು. ಆ ಹುಡುಗಿಯ ಪ್ರಶ್ನೆ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ನಾನೂ ಅವಳ ವಯಸ್ಸಿನಲ್ಲಿ ಹೀಗೇ ಕೇಳುತ್ತಿದ್ದೆ, ನಮಗೆ ಹೇಳುವವರು ಇರಲಿಲ್ಲ.

ಮೊದಲು ಮಾಸ್ತರಿಗೆ ಒಂದು ಮಾತು. ಸರ್, ನೀವು ದೊಡ್ಡವರು, ಬೇಜಾರಾಗಬೇಡಿ. "ವರ್ಷಕ್ಕೆ ಇಷ್ಟು ಅಂತ ಆಳುಗಳನ್ನು ಕೊಡಬೇಕು" ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಅವರು ಕೂಲಿ ಆಳುಗಳಲ್ಲ, ಗುಲಾಮರು. ವರ್ಷಕ್ಕೆ 360 ಜನ. ಗಂಡಸರು, ಹೆಂಗಸರು, ಮೈಯಲ್ಲಿ ಊನ ಇರಬಾರದು, ತೀರಾ ಮುದುಕರೂ ಎಳೆ ಮಕ್ಕಳೂ ಆಗಬಾರದು ಅಂತ ಷರತ್ತು. ದಿನಕ್ಕೊಬ್ಬರ ಲೆಕ್ಕ ಆಯಿತು. ಬಾಳಿದ ಒಪ್ಪಂದ, ಶಾಂತಿಯ ಒಪ್ಪಂದ ಎಲ್ಲ ಸರಿ, ಆದರೆ ಆ ಶಾಂತಿಗೆ ಯಾರನ್ನು ತೆತ್ತರು ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ನನ್ನ ಜನ ಹಡಗಿನಲ್ಲಿ ಬಂದವರು. ಹಾಗಾಗಿ ಆ ಸಂಖ್ಯೆ ಓದಿದಾಗ ನನಗೆ ಸಂಖ್ಯೆಯಾಗಿ ಕಾಣುವುದಿಲ್ಲ.

ಇನ್ನು ಹುಡುಗಿಯ ಪ್ರಶ್ನೆ. ಅದು ನಮ್ಮವರ ರಾಜ್ಯ ಅಲ್ಲ. ನೇರವಾಗಿ ಹಾಗೇ ಹೇಳಿ ಅಕ್ಕೋರೆ. ನಮ್ಮ ಮೂಲ ಬಹಳ ಮಟ್ಟಿಗೆ ಆಫ್ರಿಕಾದ ಮೂಡಣ ಮತ್ತು ಆಗ್ನೇಯ ದಿಕ್ಕಿನ ಬಾಂಟು ಭಾಷೆಯ ಜನರದ್ದು ಅಂತ ರಕ್ತದ ಪರೀಕ್ಷೆ ಮಾಡಿದವರು ಕಂಡುಕೊಂಡಿದ್ದಾರೆ. ಪೋರ್ಚುಗೀಸರ ಕೈಯಲ್ಲಿ ಮೊಜಾಂಬಿಕ್ ಇತ್ತು, ಗೋವಾ ಇತ್ತು. ಗೋವಾದಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಹೊಕ್ಕರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಯ ಮೇಲಿನ ಕಾಡು. ನಮ್ಮಲ್ಲಿ ಚರ್ಚಿಗೆ ಹೋಗುವವರ ಕ್ರೈಸ್ತ ಧರ್ಮವೂ ಗೋವಾದ್ದೇ, ನೈಲ್ ದಂಡೆಯದ್ದಲ್ಲ. ನಮ್ಮಂಥವರನ್ನು ಕರೆಯುವ ಹಬ್ಶಿ ಅನ್ನುವ ಹೆಸರು ಅಬಿಸೀನಿಯಾದಿಂದ ಬಂದದ್ದು ಹೌದು, ಮಲಿಕ್ ಅಂಬರನಂಥವರು ಆ ಕಡೆಯವರು ಹೌದು, ಆದರೆ ಅದೂ ಈ ಮಕುರಿಯಾ ಅಲ್ಲ, ಅದು ಇಥಿಯೋಪಿಯಾ. ಆಫ್ರಿಕಾ ಅಂದರೆ ಒಂದು ಊರು ಅಂದುಕೊಂಡುಬಿಡುತ್ತಾರೆ ಜನ. ಡೊಂಗೊಲಾದಿಂದ ಮೊಜಾಂಬಿಕ್ ಎಷ್ಟು ದೂರ ಅಂತ ಅವಳಿಗೆ ನಕಾಶೆಯಲ್ಲಿ ಸ್ಕೇಲು ಇಟ್ಟು ತೋರಿಸಿ.

ಆದರೆ ಒಂದನ್ನು ತಪ್ಪದೆ ತೋರಿಸಿ. ಅದೇ ಮ್ಯೂಸಿಯಂನಲ್ಲಿ ಪೆಟ್ರೋಸ್ ಎಂಬ ಬಿಷಪ್ಪನ ಚಿತ್ರ ಇದೆ, ಹತ್ತನೇ ಶತಮಾನದ್ದು. ಬಿಷಪ್ ಮುಂದೆ ನಿಂತಿದ್ದಾನೆ, ಅವನ ಹಿಂದೆ ಸಂತ ಪೀಟರ್ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾನೆ. ಸಂತನ ಬಣ್ಣ ಬಿಳಿ. ಬಿಷಪ್ ಕಪ್ಪು, ಚೆನ್ನಾಗಿ ಕಪ್ಪು. ಚಿತ್ರ ಬರೆದವನು ತನ್ನ ಊರಿನ ಬಿಷಪ್ಪನ ಬಣ್ಣವನ್ನು ಇದ್ದ ಹಾಗೇ ಬರೆದ, ತಿಳಿ ಮಾಡಲು ಹೋಗಲಿಲ್ಲ. ನಾನು ಅದನ್ನು ಮೊದಲ ಸಲ ನೋಡಿದಾಗ ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ನಮ್ಮ ರಾಜ್ಯ ಅಲ್ಲದಿದ್ದರೇನು.

ನಮ್ಮದು ಅಂತ ಕೇಳಿದರೆ ದಮಾಮ ಡೋಲು ಇದೆ, ಕೌದಿ ಇದೆ. ಅವಳ ಅಜ್ಜಿಯನ್ನು ಕೇಳಲು ಹೇಳಿ.

ಕಡಲಕರೆ ಮಾಸ್ತರು, ಕಾರವಾರ

ತಮ್ಮಾ, ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಬೇಜಾರು ಯಾಕೆ, ನಾನು ಆ ಪದವನ್ನು ಮೆತ್ತಗೆ ಮಾಡಬಾರದಿತ್ತು. ಅಕ್ಕೋರೆ, ಮಕ್ಕಳಿಗೆ ಹೇಳುವಾಗ ಗುಲಾಮರು ಅಂತಲೇ ಹೇಳಿ, 360 ಅಂತಲೇ ಹೇಳಿ.

ಈಗ ಹೇಗೆ ಮುಗಿಯಿತು ಅನ್ನುವುದು. ಒಂದು ಯುದ್ಧದಲ್ಲಿ ಮುಗಿದದ್ದಲ್ಲ ಇದು. ಇನ್ನೂರು ಮುನ್ನೂರು ವರ್ಷ ಹಿಡಿಯಿತು. ಮುಖ್ಯ ಎಳೆ ಹೇಳುತ್ತೇನೆ. ಕುಂದಾಪುರದಿಂದ ಆಚೆ ಅಳಿಯಕಟ್ಟು ಇತ್ತಲ್ಲ, ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ? ಮಕುರಿಯಾದಲ್ಲಿ ಸಿಂಹಾಸನವೇ ಹಾಗೆ ಹೋಗುತ್ತಿತ್ತು. 1080ರ ಸುಮಾರಿಗೆ ಸೊಲೊಮನ್ ಎಂಬ ರಾಜ ಸೋದರಳಿಯ ಜಾರ್ಜಿಯೋಸನಿಗೆ ಪಟ್ಟ ಬಿಟ್ಟುಕೊಟ್ಟು ಪ್ರಾರ್ಥನೆ ಮಾಡಲು ಹೊರಟುಹೋದ. ರಾಜಮಾತೆಗೆ ಅಲ್ಲಿ ಬಹಳ ದೊಡ್ಡ ಮರ್ಯಾದೆ.  ಆಮೇಲೆ ಅರಬ್ ಬುಡಕಟ್ಟಿನವರು ತೆಂಕಕ್ಕೆ ಬಂದು ನೆಲೆಸಿದರು, ಅವರ ನಾಯಕರು ನ್ಯೂಬಿಯಾದ ದೊಡ್ಡ ಮನೆತನದ ಹೆಣ್ಣುಮಕ್ಕಳನ್ನು ಮದುವೆಯಾದರು. ಮಗ ಹುಟ್ಟಿದರೆ? ತಾಯಿ ಕಡೆಯಿಂದ ಅವನಿಗೇ ಹಕ್ಕು! ಅದೇ ಕಟ್ಟಿನ ಪ್ರಕಾರ, ಒಂದು ಬಾಣ ಬಿಡದೆ. ಹದಿನಾಲ್ಕನೇ ಶತಮಾನದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಇದನ್ನು ಬಿಡಿಸಿ ಬರೆದಿದ್ದಾನೆ.

ಅದರ ಜೊತೆ ಮನೆಯೊಳಗಿನ ಜಗಳ. 1272ರಲ್ಲಿ ರಾಜ ದಾವೀದ್ ಕೆಂಪು ಸಮುದ್ರದ ಐಧಾಬ್ ಬಂದರಿನ ಮೇಲೆ ದಾಳಿ ಮಾಡಿ, ಆಗ ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕ್ ಸುಲ್ತಾನರನ್ನು ಕೆಣಕಿದ. 1276ರಲ್ಲಿ ಅವರು ದಂಡೆತ್ತಿ ಬಂದು ಅವನ ನೆಂಟನೇ ಆದ ಶೆಕಂಡಾ ಎಂಬವನನ್ನು ಕೂರಿಸಿದರು. ಅಲ್ಲಿಂದ ಮುಂದೆ ಪಟ್ಟ ಬೇಕಾದವರೆಲ್ಲ ಕೈರೋಕ್ಕೆ ಓಡುವುದು, ಸೈನ್ಯ ಕರೆತರುವುದು. 1317ರಲ್ಲಿ ಡೊಂಗೊಲಾದ ಒಡ್ಡೋಲಗದ ಮನೆ ಮಸೀದಿಯಾಯಿತು. ಆ ದಿನಾಂಕದ ಕಲ್ಲು ಅಲ್ಲೇ ಇದೆ. ಮೊದಲು ಹೇಳಿದ ಕಟ್ಟಡ ಇದೇ. 1969ರವರೆಗೆ ಜನ ಅಲ್ಲಿ ನಮಾಜು ಮಾಡುತ್ತಿದ್ದರು, ದುರಸ್ತಿ ಮಾಡುತ್ತಿದ್ದರು. ಉಪಯೋಗದಲ್ಲಿ ಇದ್ದದ್ದಕ್ಕೇ ಉಳಿಯಿತು. ಉಳಿದ ಚರ್ಚುಗಳನ್ನು ಮರಳು ತಿಂದಿತು.

1365ರ ಹೊತ್ತಿಗೆ ಡೊಂಗೊಲಾವನ್ನೂ ಬಿಟ್ಟರು. ಬಡಗಕ್ಕೆ ಹೋಗಿ ದೊತಾವೊ ಎಂಬ ಹೆಸರಿನಲ್ಲಿ ಚಿಕ್ಕ ರಾಜ್ಯವಾಗಿ ಇನ್ನೂ ನೂರು ವರ್ಷ ಜೀವ ಹಿಡಿದುಕೊಂಡಿದ್ದರು. ಯೋಯೆಲ್ ಎಂಬ ರಾಜನ ಹೆಸರು 1484ರ ಬರಹದಲ್ಲಿ ಬರುತ್ತದೆ, ಅದೇ ಕೊನೆ. ತೆಂಕಣ ಸೋಬಾ ಕೂಡ 1500ರ ಸುಮಾರಿಗೆ ಬಿತ್ತು.

ನನಗೆ ಮರೆಯಲಾಗದ್ದು ಎರಡು. ಕಸ್ರ್ ಇಬ್ರಿಮ್ ಕೋಟೆಯ ಚರ್ಚಿನಲ್ಲಿ ಒಂದು ಹೆಣ ಸಿಕ್ಕಿತು, ಬಟ್ಟೆ ಸಮೇತ. ಬಿಷಪ್ ತಿಮೊಥಿಯೋಸ್. ಅವನ ಜೊತೆಯಲ್ಲೇ ಎರಡು ಉದ್ದನೆಯ ಸುರುಳಿ, ಒಂದು ಕಾಪ್ಟಿಕ್, ಒಂದು ಅರಬ್ಬಿ. "ಇವನು ನಿಮ್ಮ ಬಿಷಪ್, ಬರಮಾಡಿಕೊಳ್ಳಿ" ಅಂತ ಈಜಿಪ್ಟಿನ ಧರ್ಮಗುರು 1372ರಲ್ಲಿ ಕೊಟ್ಟ ನೇಮಕದ ಪತ್ರ. ಆ ಪತ್ರವನ್ನು ಅವನ ಜೊತೆಗೇ ಹುಗಿದಿದ್ದರು.

ಇನ್ನೊಂದು, ನಮ್ಮ ಕರಾವಳಿಗೆ ತಾಗಿದ್ದು. ಕಾರವಾರದ ಎದುರಿಗಿನ ಅಂಜುದ್ವೀಪದಲ್ಲಿ 1498ರಲ್ಲಿ ವಾಸ್ಕೊ ಡ ಗಾಮ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿದ್ದು ನಮಗೆಲ್ಲ ಗೊತ್ತು. ಆ ಪೋರ್ಚುಗೀಸರು ಮೆಣಸಿನ ಜೊತೆಗೆ ಹುಡುಕುತ್ತಿದ್ದದ್ದು ಮೂಡಣ ದಿಕ್ಕಿನಲ್ಲಿ ಎಲ್ಲೋ ಇದ್ದಾನೆ ಅನ್ನಲಾದ ಒಬ್ಬ ಕ್ರೈಸ್ತ ದೊರೆಯನ್ನು. ಗೋವಾದಿಂದ ಇಥಿಯೋಪಿಯಾಕ್ಕೆ ದೂತರನ್ನೂ ಕಳಿಸಿದರು. ಆ ತಂಡದಲ್ಲಿದ್ದ ಪಾದ್ರಿ ಫ್ರಾನ್ಸಿಸ್ಕೊ ಆಲ್ವಾರೆಸ್ 1520ರ ದಶಕದಲ್ಲಿ ಅಲ್ಲಿನ ರಾಜನ ಬಿಡಾರದಲ್ಲಿದ್ದಾಗ ನ್ಯೂಬಿಯಾದಿಂದ ಆರು ಜನ ಬಂದರು. ನಮ್ಮಲ್ಲಿ ಪಾದ್ರಿಗಳು ತೀರಿಹೋಗಿದ್ದಾರೆ, ಹೊಸಬರು ಬರುತ್ತಿಲ್ಲ, ದಯವಿಟ್ಟು ಯಾರನ್ನಾದರೂ ಕಳಿಸಿಕೊಡಿ ಅಂತ ಕೇಳಿದರು. ಇಥಿಯೋಪಿಯಾದ ರಾಜ, ನನಗೇ ಬಿಷಪ್ ಬರುವುದು ಅಲೆಕ್ಸಾಂಡ್ರಿಯಾದಿಂದ, ನಾನು ನಿಮಗೆ ಹೇಗೆ ಕೊಡಲಿ ಅಂದ. ಅವರು ಬರಿಗೈಯಲ್ಲಿ ತಿರುಗಿ ಹೋದರು.

ಸಿರ್ಸಿ ಅಕ್ಕೋರು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ಕಾಳಿ ಹೊಳೆಯವರೇ, ನಿಮ್ಮ ಅಟ್ಟದ ಮೇಲಿನ ಚೌಕಟ್ಟಿನ ಫೋಟೊ ಒಂದು ಹಾಕಿ, ಮುಳುಗಡೆ ಪಾಠ ಮಾಡುವಾಗ ತೋರಿಸುತ್ತೇನೆ.

ಸೋಮವಾರ ಆಯಿತು. ನಕಾಶೆ ಹಾಸಿ ಸ್ಕೇಲು ಇಟ್ಟೆವು. ಮೊದಲು ಆ ಹುಡುಗಿಗೆ ಹೇಳಿದೆ, ಅದು ನಿಮ್ಮವರ ರಾಜ್ಯ ಅಲ್ಲ ಮಗಾ ಅಂತ. ಮುಖ ಸಣ್ಣ ಆಯಿತು, ನನಗೂ ಹೊಟ್ಟೆಯಲ್ಲಿ ಸಂಕಟ. 360ರ ವಿಷಯ ಹೇಳಿದಾಗ ಇಡೀ ಕ್ಲಾಸು ತೆಪ್ಪಗಾಯಿತು. "ಅವರ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರಾ ಅಕ್ಕೋರೆ?" ಅಂತ ಅವಳೇ ಕೇಳಿದಳು. ಗೋಡೆಯ ಮೇಲೆ 27 ಬಿಷಪ್ಪರ ಹೆಸರು ಇತ್ತು ಅಂತ ಆಗಷ್ಟೇ ಹೇಳಿದ್ದೆ ನಾನು.

ಆಮೇಲೆ ಅಕ್ಕನ ಮಗನಿಂದ ತರಿಸಿದ ಪೆಟ್ರೋಸನ ಫೋಟೊ ತೋರಿಸಿದೆ. ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು, ಬೆಲ್ ಹೊಡೆದರೂ ವಾಪಸ್ ಕೊಡಲಿಲ್ಲ. ಯಲ್ಲಾಪುರದ ತಮ್ಮ ಹೇಳಿದ ಮಾತನ್ನೂ ಹೇಳಿದೆ, ಅಜ್ಜಿಯನ್ನು ಕೇಳು ಅಂತ.

ಮಾರನೇ ದಿನ ಶಾಲೆಗೆ ಬರುವಾಗ ಚೀಲದ ಜೊತೆ ಒಂದು ದೊಡ್ಡ ಗಂಟು ಹೊತ್ತು ತಂದಿದ್ದಳು. ಅಜ್ಜಿ ಹೊಲಿದ ಕೌದಿ. ಹಳೇ ಸೀರೆ, ಲಂಗ, ಅಂಗಿ ತುಂಡು ಎಲ್ಲ ಸೇರಿಸಿದ್ದು, ನಡುವೆ ಕೆಂಪು ಬಟ್ಟೆಯ ಶಿಲುಬೆ. ನಾಲ್ಕು ಮಕ್ಕಳು ಹಿಡಿದು ಬಿಡಿಸಿದರು. ಮೂಲೆಗಳಲ್ಲಿ ಮಡಚಿ ಮಡಚಿ ಹೊಲಿದ ಸಣ್ಣ ಹೂವು, ಅದಕ್ಕೆ ಫುಲಾ ಅನ್ನುತ್ತಾರಂತೆ, ಅದಿಲ್ಲದೆ ಅಜ್ಜಿ ಯಾವ ಕೌದಿಯನ್ನೂ ಮುಗಿಸುವುದಿಲ್ಲವಂತೆ. ನಾಲ್ಕೂ ಮೂಲೆಗೆ ಹೋಗಿ ಬೆರಳಿಟ್ಟು ತೋರಿಸಿದಳು.